ನೆನಿತಾಳ ಬಾಂಗ್ಕಾ, ನನ್ನ ಸುತ್ತಿಗೆ

ಈಗ ಕೆಲಸಕ್ಕೆ ಸೇರುವವರಿಗೆ ಮೊದಲ ದಿನವೇ ಒಂದು ಟ್ಯಾಬ್, ಒಂದು ಹೆಲ್ಮೆಟ್ಟು, ಒಂದು ಪಾಸ್‌ವರ್ಡ್ ಕೊಡುತ್ತಾರಂತೆ. ನನಗೆ ಕೊಟ್ಟದ್ದು ಒಂದು ಸುತ್ತಿಗೆ. ಹಿತ್ತಾಳೆ ತಲೆಯ, ಅಂಗಿ ಜೇಬಿನಲ್ಲಿ ಹಿಡಿಸುವ ಪುಟ್ಟ ಸುತ್ತಿಗೆ. "ಇದೇ ನಿನ್ನ ಡಿಗ್ರಿ. ಬಾಕಿ ಎಲ್ಲ ಪೇಪರ್ ಲಾ" ಎಂದಿದ್ದರು, ಮಲೇಶಿಯಾದವರ ರೂಢಿಯಂತೆ ಮಾತಿನ ತುದಿಗೊಂದು 'ಲಾ' ಅಂಟಿಸಿ, ನಮ್ಮ ಬಾಸ್ ಮಿಸ್ಟರ್ ಟಾನ್. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ, ಸಮುದ್ರ ದಾಟಿ ಮಲೇಶಿಯಾಕ್ಕೆ ಬಂದವನಿಗೆ ಆ ಮಾತು ಕೇಳಿ ಎಷ್ಟು ಉರಿದಿತ್ತು ಅಂತೀರಿ!

ನಾನು ದೋಣಿ ಸರ್ವೇಯರ್ ಆಗಿದ್ದೆ. ಹಾಗೆಂದರೇನೆಂದು ನಮ್ಮ ಹೊನ್ನಾವರದಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಜಮೀನು ಅಳೆಯುವವನೆಂದು ತಿಳಿದು, ನಾನು ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಬೇಲಿ ತಕರಾರು ಹಿಡಿದುಕೊಂಡು ಬಂದು ಕೂರುತ್ತಾರೆ. ನಾನು ನೋಡುತ್ತಿದ್ದುದು ದೋಣಿಗಳ ಆರೋಗ್ಯ. ವಿಮೆಯವರಿಗೆ, ದೋಣಿ ಕಟ್ಟುವ ಜೆಟ್ಟಿಯವರಿಗೆ "ಈ ದೋಣಿ ಮುಳುಗುವುದಿಲ್ಲ" ಎಂದು ಯಾರಾದರೂ ಸಹಿ ಹಾಕಿಕೊಡಬೇಕಲ್ಲ, ಆ ಆಸಾಮಿ ನಾನು. ಮನೆ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ. ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಇರುವವರೆಲ್ಲ ಸೆಮಿಕಂಡಕ್ಟರ್ ಎಂಜಿನಿಯರುಗಳು. ಮರ ತಟ್ಟಿ ಹೊಟ್ಟೆ ಹೊರೆಯುವವನು ನಾನೊಬ್ಬನೇ.

ಹೊಸದಾಗಿ ಇದೇ ಕೆಲಸಕ್ಕೆ ಸೇರಿದ ಕುಮಟೆಯ ಹುಡುಗಿಯೊಬ್ಬಳು "ಅಂಕಲ್, ನಿಮ್ ಎಕ್ಸ್‌ಪೀರಿಯೆನ್ಸ್ ಬರ್ದು ಕೊಡಿ" ಎಂದು ಬೆನ್ನು ಹತ್ತಿದ್ದಾಳೆ. ಆಗಲಿ, ಬರೆಯುತ್ತೇನೆ. ಯಾವಾಗ ಸೀನಿಯರ್ ಆದೆ, ಯಾವಾಗ ಚೀಫ್ ಆದೆ ಎಂಬ ಪುರಾಣ ಬೇಡ. ಆಫೀಸಿನಲ್ಲಿ ಸಾಕಷ್ಟು ಕಾಲ ಕೂತರೆ ಕುರ್ಚಿ ತಾನಾಗಿಯೇ ದೊಡ್ಡದಾಗುತ್ತದೆ.

ಮೊದಲು ಸುತ್ತಿಗೆಯ ವಿಷಯ. ಮರದ ದೋಣಿಯನ್ನು ಮೂತಿಯಿಂದ ಹಿಡಿದು ಬಾಲದವರೆಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಮರ ಟಣ್ ಎನ್ನುತ್ತದೆ. ಒಳಗೊಳಗೇ ಕೊಳೆತದ್ದು ಪೊದ್ ಎನ್ನುತ್ತದೆ. ಮೇಲೆ ಎಂಥ ಬಣ್ಣ ಬಳಿದಿರಲಿ, ಈ ಪೊದ್ ಮುಚ್ಚಿಡಲು ಆಗುವುದಿಲ್ಲ. ಕಿವಿ ಪಳಗಲು ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ಎಲ್ಲವೂ ಟಣ್ ಅಂತಲೇ ಕೇಳುತ್ತದೆ, ಅದರಲ್ಲೂ ದೋಣಿಯ ಮಾಲೀಕರು ಒಳ್ಳೆಯ ಊಟ ಹಾಕಿಸಿದ್ದರೆ.

ಮಿಸ್ಟರ್ ಟಾನ್ ಅವರದು ಇನ್ನೊಂದು ಕಟ್ಟಳೆಯಿತ್ತು. ಸಹಿ ಹಾಕಿದವನೇ ಮೊದಲು ಕೂರಬೇಕು. ಅಂದರೆ, ದೋಣಿ ಚೆನ್ನಾಗಿದೆ ಎಂದು ಬರೆದುಕೊಟ್ಟ ಸರ್ವೇಯರ್ ಅದರ ಮೊದಲ ಸವಾರಿಯಲ್ಲಿ ಮುಂದಿನ ಹಲಗೆಯ ಮೇಲೆ ಕೂತು ಹೋಗಿ ಬರಬೇಕು. ಯಾವ ಕಾನೂನಿನಲ್ಲೂ ಇದಿಲ್ಲ, ಅದು ಟಾನ್ ಕಾನೂನು. "ಮುಳುಗಿದ್ರೆ ನೀನೂ ಮುಳುಗು. ಆಗ ಕಂಪ್ಲೇಂಟ್ ಬರಲ್ಲ" ಎಂದು ನಗುತ್ತಿದ್ದರು. ನನಗೋ, ಸಮುದ್ರಕ್ಕಿಳಿದ ಕೂಡಲೇ ವಾಂತಿ! ದೋಣಿ ಮಿಸ್ತ್ರಿಯ ಮಗ, ಶರಾವತಿ ಅಳಿವೆಯ ಬಾಯಲ್ಲಿ ಬೆಳೆದವನು, ಅಲೆ ಕಂಡರೆ ಹೊಟ್ಟೆ ತೊಳಸುತ್ತದೆ ಎಂದರೆ ಯಾರು ನಂಬುತ್ತಾರೆ? ಒಮ್ಮೆ ರಾಜಧಾನಿಯ ಬಾಂಗ್ಸಾರ್ ಬಡಾವಣೆಯ ಶ್ರೀಮಂತನೊಬ್ಬನ ವಿಹಾರ ನೌಕೆಗೆ ಸಹಿ ಹಾಕಿ ಮೊದಲ ಸವಾರಿಗೆ ಕೂತೆ. ಒಳಗೆ ಹಾಲಿನಂಥ ಬಿಳಿ ಸೋಫಾ. ಮುಂದೆ ಏನಾಯಿತೆಂದು ಬರೆಯುವುದಿಲ್ಲ. ಆ ಮನುಷ್ಯ ಮಾತ್ರ ಮುಂದಿನ ವರ್ಷ ಬೇರೆ ಸರ್ವೇಯರ್ ಬೇಕೆಂದು ಕೇಳಿದ.

ಇನ್ನು ಬಾಂಗ್ಕಾ. ನನ್ನನ್ನು ಸಬಾಕ್ಕೆ ಹಾಕಿದಾಗ ಅದನ್ನು ಮೊದಲ ಸಲ ನೋಡಿದೆ. ಸಬಾ ಅಂದರೆ ಮಲೇಶಿಯಾದ ಇನ್ನೊಂದು ತುಂಡು. ಪೆನಾಂಗಿನಿಂದ ವಿಮಾನದಲ್ಲಿ ಹೋಗಬೇಕು. ಅಲ್ಲಿಂದ ಪೂರ್ವಕ್ಕೆ ನೋಡಿದರೆ ಫಿಲಿಪ್ಪೀನ್ಸ್. ಆ ಕಡೆಯಿಂದ ಬಂದು ನೆಲೆಸಿದವರು ತಮ್ಮ ದೋಣಿಗಳನ್ನೂ ತಂದಿದ್ದರು. ಸೌತೆಕಾಯಿಯಂತೆ ಉದ್ದಕ್ಕೆ ತೆಳ್ಳಗಿರುವ ಒಡಲು. ಅದರ ಎರಡೂ ಬದಿಗೆ ಚಾಚಿದ ಮರದ ತೋಳುಗಳು. ತೋಳುಗಳ ತುದಿಗೆ ನೀರಿನ ಮೇಲೆ ತೇಲುವ ಬಿದಿರ ಬೊಂಬು. ಅದಕ್ಕೆ ಅವರು ಕಾತಿಗ್ ಎನ್ನುತ್ತಾರೆ. ಎಡಕ್ಕೆ ವಾಲಿದರೆ ಎಡದ ಬಿದಿರು ಹಿಡಿಯುತ್ತದೆ, ಬಲಕ್ಕೆ ವಾಲಿದರೆ ಬಲದ್ದು. ನಮ್ಮೂರ ಸಣ್ಣ ದೋಣಿಗೂ ಇಂಥದೊಂದು ತೋಳಿರುತ್ತಿತ್ತು, ಆದರೆ ಒಂದೇ ಕಡೆ. ಎರಡು ಕಡೆ ತೋಳು ಚಾಚಿದ ದೋಣಿ ಕಂಡು ನನಗೆ ನಮ್ಮೂರ ದೋಣಿ ಅರ್ಧಂಬರ್ಧ ಅನ್ನಿಸಿಬಿಟ್ಟಿತು.

ಮೊದಲ ಬಾಂಗ್ಕಾದ ವರದಿಯಲ್ಲೇ ಎಡವಟ್ಟು ಮಾಡಿದೆ. ಅಗಲ ಎಷ್ಟು ಎಂಬಲ್ಲಿ ಒಡಲಿನ ಅಗಲ ಮಾತ್ರ ಬರೆದೆ. ಜೆಟ್ಟಿಯವರು ಅದನ್ನು ನಂಬಿ ಎರಡು ಕಂಬಗಳ ನಡುವಿನ ಇಕ್ಕಟ್ಟಿನ ಜಾಗ ಕೊಟ್ಟರು. ದೋಣಿ ಹಾಯಾಗಿ ಬಂತು. ತೋಳುಗಳು ಕಂಬಕ್ಕೆ ಸಿಕ್ಕಿ ಟಕ್ಕೆಂದು ನಿಂತವು. ಏಣಿಯನ್ನು ಅಡ್ಡ ಹೊತ್ತುಕೊಂಡು ಬಾಗಿಲು ದಾಟಲು ಹೋದವನ ಗತಿ. ಜೆಟ್ಟಿ ತುಂಬ ನಗೆಯೋ ನಗೆ. ಆ ದೋಣಿಯ ಒಡತಿ ಮಾತ್ರ ನಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡಿದಳು. "ಇನ್‌ಸ್ಪೆಕ್ಟರ್, ನೀವು ಅಂಗಿ ಹೊಲಿಸೋವಾಗ ಬರೀ ಹೊಟ್ಟೆ ಅಳತೆ ಕೊಡ್ತೀರಾ? ಕೈ ಎಲ್ಲಿ ಹಾಕ್ತೀರಿ ಲಾ?"

ಆಕೆಯೇ ನೆನಿತಾ. ಫಿಲಿಪ್ಪೀನ್ಸಿನ ದಕ್ಷಿಣದ ಯಾವುದೋ ದ್ವೀಪದಿಂದ ಚಿಕ್ಕಂದಿನಲ್ಲೇ ಬಂದು, ಸಬಾದ ಸಂಡಾಕನ್ ಕಡೆ ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ಅಪ್ಪ ಕಟ್ಟಿಕೊಟ್ಟ ಬಾಂಗ್ಕಾವನ್ನು ತಾನೇ ಓಡಿಸುತ್ತಿದ್ದಳು. ಎದುರಿನ ದ್ವೀಪಗಳ ಜನರಿಗೆ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಹೋಗಬೇಕೆಂದರೆ ಅವಳ ದೋಣಿಯೇ ಗತಿ. ಅವಳಾಡುವುದು ಮಲಯ್‌ಗೆ ಇಂಗ್ಲಿಷ್ ಕಲಸಿದ ಮಾತು. ನಾನಿಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಆ ದಿನ ಮೊದಲ ಸವಾರಿಯಲ್ಲಿ ನಾನು ಬಿದಿರಿನ ಮೇಲೆ ವಾಲಿ ವಾಂತಿ ಮಾಡುವಾಗ, ಹುಳಿ ಮಾವಿನಕಾಯಿಗೆ ಉಪ್ಪು ಹಚ್ಚಿ ಕೈಗಿಟ್ಟಳು. ಅಂದಿನಿಂದ ನಮ್ಮ ಸ್ನೇಹ.

ಹೆಸರಿನ ಬಗ್ಗೆ ಜಗಳವಾಡಿದ್ದೂ ಇದೆ. ವರದಿಯಲ್ಲಿ ದೋಣಿಯ ಜಾತಿ ಬರೆಯಬೇಕು. ಹಾಯಿ ಕಟ್ಟಿದ ದೊಡ್ಡದನ್ನೂ ಬಾಂಗ್ಕಾ ಎನ್ನುತ್ತಾಳೆ, ಒಬ್ಬನೇ ಕೂತು ಮೀನು ಹಿಡಿಯುವ ಪುಟಾಣಿಯನ್ನೂ ಬಾಂಗ್ಕಾ ಎನ್ನುತ್ತಾಳೆ, ಎಂಜಿನ್ನು ಹಾಕಿ ಮೂವತ್ತು ಜನರನ್ನು ತುಂಬಿದ್ದೂ ಬಾಂಗ್ಕಾ. "ಒಂದಕ್ಕೊಂದು ಸಂಬಂಧ ಇಲ್ಲವಲ್ಲ ನೆನಿತಾ, ಎಲ್ಲ ಹೇಗೆ ಬಾಂಗ್ಕಾ ಆಗ್ತವೆ?" ಎಂದು ಕೇಳಿದೆ.

"ಹೋಗಿ ವಾಪಸ್ ಬಂದ್ರೆ ಬಾಂಗ್ಕಾ" ಎಂದಳು. "ವಾಪಸ್ ಬರದೇ ಇದ್ರೆ ಬರೀ ಮರ."

ಇದನ್ನೇ ಮಿಸ್ಟರ್ ಟಾನ್‌ಗೆ ಹೇಳಿದೆ. ಅವರು "ಹಾಗೇ ಬರಿ" ಎಂದುಬಿಟ್ಟರು. ನಮ್ಮ ಆಫೀಸಿನಲ್ಲಿ ದೋಣಿಯ ಜಾತಿಯ ಮುಂದೆ 'ಬಾಂಗ್ಕಾ' ಎಂದು ಬರೆಯುವ ಪದ್ಧತಿ ಬಂದದ್ದು ಹೀಗೆ.

ಅಷ್ಟರಲ್ಲಿ ಕೊರೊನಾ ಬಂತು. ನನ್ನ ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಲಾಕ್‌ಡೌನ್ ಎಂದರೆ ಇಲ್ಲಿ ಎಂಸಿಒ; ಆ ಮೂರಕ್ಷರ ಎಷ್ಟು ಬಾಯಿಪಾಠವಾಯಿತೆಂದರೆ ನನ್ನ ಹೆಂಡತಿ ಮೈಮೂನಾ ಅಡುಗೆಮನೆಯ ಬಾಗಿಲಿಗೂ ಎಂಸಿಒ ಹಾಕಿದ್ದಳು. "ನೀವು ಒಳಗೆ ಬಂದ್ರೆ ಡಬ್ಬಿ ಎಲ್ಲ ಜಾಗ ಬಿಟ್ ಹೋಗ್ತವೆ, ಹೊರಗೇ ಇರಿ" ಎಂದು. ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮಗಳು ಸಾರಾ ಲ್ಯಾಪ್‌ಟಾಪ್ ಎತ್ತಿಕೊಂಡು ನಮ್ಮ ಜೊತೆ ಇರಲು ಬಂದಳು. ಊಟದ ಮೇಜಿನ ಒಂದು ತುದಿ ಅವಳ ಆಫೀಸು, ಇನ್ನೊಂದು ತುದಿ ನನ್ನದು. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ಮಾತ್ರ ಮೊದಲಿನ ಹಾಗೇ ನಡೆದಿತ್ತು.

ಕೆಲಸದ ರೀತಿಯೇ ಬುಡಮೇಲಾಯಿತು. ದೋಣಿ ಎಲ್ಲೋ, ನಾನೆಲ್ಲೋ. ಮಾಲೀಕ ಫೋನು ಹಿಡಿದು ದೋಣಿ ತೋರಿಸಬೇಕು, ನಾನು ಮೇಜಿನಿಂದಲೇ ನೋಡಿ ವರದಿ ಬರೆಯಬೇಕು. ವಿಡಿಯೊ ಸರ್ವೆ! ಮೊದಲ ವಾರ ಒಬ್ಬ ಮಹಾಶಯ ಕ್ಯಾಮರಾ ತಿರುಗಿಸಿ ಹಿಡಿದು, ಇಪ್ಪತ್ತು ನಿಮಿಷ ತನ್ನ ಮೂಗಿನ ಹೊಳ್ಳೆಯನ್ನೇ ತೋರಿಸುತ್ತಾ "ನೋಡಿ ಸಾರ್, ಎಲ್ಲೂ ತೂತಿಲ್ಲ" ಎಂದ. ಇನ್ನೊಬ್ಬ ಪಕ್ಕದವನ ಹೊಸ ದೋಣಿಯನ್ನು ತೋರಿಸುತ್ತಿದ್ದ. ಅದರ ನಿಜವಾದ ಮಾಲೀಕ ಚಿತ್ರದೊಳಗೇ ನಡೆದುಬಂದು ಜಗಳ ತೆಗೆದ. ಸುತ್ತಿಗೆಯ ಕೆಲಸವನ್ನು ಮಾಲೀಕರ ಕೈಯಲ್ಲೇ ಮಾಡಿಸುತ್ತಿದ್ದೆ, ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಫೈಬರ್ ದೋಣಿಗಳೇ ಹೆಚ್ಚಾದ್ದರಿಂದ ಹೇಗೋ ನಡೆಯಿತು. ಮರದ ದೋಣಿ ಬರುವವರೆಗೆ.

ನೆನಿತಾ ಒಂದು ಬೆಳಿಗ್ಗೆ ಕರೆ ಮಾಡಿದಳು. ದ್ವೀಪಗಳಿಗೆ ಓಡಾಟ ನಿಂತು ತಿಂಗಳುಗಟ್ಟಲೆಯಾಗಿತ್ತು. ಬಾಂಗ್ಕಾವನ್ನು ದಡಕ್ಕೆ ಎಳೆದುಹಾಕಿದ್ದಳು. ಈಗ ಆ ದಡದ ಮಾಲೀಕ ಜಾಗ ಚೊಕ್ಕಟ ಮಾಡಿಸಲು ಹೊರಟಿದ್ದ. ಸರ್ವೇಯರನ ಸಹಿ ಇರುವ ದೋಣಿ ಮಾತ್ರ ಇರಬಹುದು, ಉಳಿದದ್ದೆಲ್ಲ ಸೋಮವಾರ ಗರಗಸಕ್ಕೆ. ಲಸಿಕೆ ಬಂದ ಮೇಲೆ ನರ್ಸುಗಳನ್ನು ದ್ವೀಪಗಳಿಗೆ ಕರೆದೊಯ್ಯಲು ದೋಣಿ ಬೇಕೆಂಬ ಮಾತೂ ಇತ್ತು. ಅದಕ್ಕೂ ಸಹಿ ಬೇಕು.

"ಇನ್‌ಸ್ಪೆಕ್ಟರ್, ಇದು ಹೋದ್ರೆ ನಾನು ಏನು ಓಡಿಸ್ಲಿ? ಇನ್ನೊಂದು ಕಟ್ಟೋಕೆ ಅಪ್ಪ ಇಲ್ಲ" ಎಂದಳು. ನಗುನಗುತ್ತಲೇ ಹೇಳಿ, ಫೋನನ್ನು ದೋಣಿಯ ಕಡೆ ತಿರುಗಿಸಿದಳು.

ಸರಿ, ಸರ್ವೆ ಶುರು. ಆಕೆ ತಟ್ಟುತ್ತಾ ಹೋದಳು. ಮೂತಿಯಲ್ಲಿ ತಟ್ಟಿದಳು: ಪೊದ್. ನಡುವಿನಲ್ಲಿ: ಪೊದ್. ಅಡಿಯ ಮರದ ದಿಮ್ಮಿ, ಅದು ಕಬ್ಬಿಣದಂಥ ಮರ, ಅದೂ ಪೊದ್. ಕೆಲವು ಕಡೆ ಅದೂ ಇಲ್ಲ, ಬರೀ ಮೌನ. ಚೂರಿ ಚುಚ್ಚಿ ತೋರಿಸು ಎಂದರೆ ಚಿತ್ರ ಮಸುಕಾಗಿ, ಚೂರಿ ಯಾವುದು ಬೆರಳು ಯಾವುದು ತಿಳಿಯಲಿಲ್ಲ. ಬಿಸಿಲಿಗೆ ಬಿದ್ದು ದೋಣಿಗೆ ದೋಣಿಯೇ ಒಳಗಿಂದ ಹಾಳಾಗಿದೆ ಎಂದುಕೊಂಡೆ. ಇಂಥದಕ್ಕೆ ಸಹಿ ಹಾಕಿದರೆ, ನರ್ಸುಗಳು, ಮುದುಕಿಯರು, ಮಕ್ಕಳು ಅದರಲ್ಲಿ ಕೂರುತ್ತಾರೆ.

"ನೆನಿತಾ, ಆಗಲ್ಲ" ಎಂದೆ. "ಮರ ಮಾತಾಡ್ತಿಲ್ಲ."

ಆಕೆ ವಾದ ಮಾಡಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. "ನಿಮ್ಮ ಕಿವಿ ಸುಳ್ಳು ಹೇಳಲ್ಲ, ಓಕೆ ಲಾ" ಎಂದು ಫೋನಿಟ್ಟಳು. ಆ ದಿನ ಊಟ ಸೇರಲಿಲ್ಲ. ಮೈಮೂನಾ ಮೀನು ಸಾರು ಬಡಿಸಿ, "ಎಂಥದ್ರೀ, ಯಾರ್ದೋ ಮಯ್ಯತ್ತಿಗೆ ಹೋಗ್ ಬಂದಂಗೆ ಕೂತೀರಿ" ಎಂದಳು. ಒಂದು ರೀತಿಯಲ್ಲಿ ಯಾರನ್ನೋ ಮಣ್ಣು ಮಾಡಿ ಬಂದ ಹಾಗೇ ಆಗಿತ್ತು.

ಸರ್ವೆಯ ವಿಡಿಯೊ ಎಲ್ಲ ರೆಕಾರ್ಡ್ ಆಗಿರುತ್ತಿತ್ತು. ಮನಸ್ಸು ತಡೆಯದೆ ಸಂಜೆ ಅದನ್ನೇ ಮತ್ತೆ ಹಾಕಿಕೊಂಡು ಕೂತಿದ್ದೆ. ಹಿಂದಿನಿಂದ ಕಾಫಿ ಲೋಟ ಹಿಡಿದು ಹೋಗುತ್ತಿದ್ದ ಸಾರಾ ನಿಂತಳು.

"ಅಬ್ಬು, ವೈ ಈಸ್ ದಟ್ ರೂಸ್ಟರ್ ಆನ್ ಮ್ಯೂಟ್?"

"ಯಾವ ಕೋಳಿ?"

ಬೆರಳಿಟ್ಟು ತೋರಿಸಿದಳು. ನೆನಿತಾಳ ಹಿಂದೆ, ಬಿದಿರ ಕಾತಿಗಿನ ಮೇಲೆ ಒಂದು ಹುಂಜ ನಿಂತಿತ್ತು. ಕತ್ತು ಚಾಚಿ, ಕೊಕ್ಕು ತೆರೆದು, ಮೈಯೆಲ್ಲ ಕಂಪಿಸುವಂತೆ ಕೂಗುತ್ತಿತ್ತು. ಕೂಗೇ ಇಲ್ಲ! ನಾನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ನೆನಿತಾಳ ಮಾತು ಸ್ಪಷ್ಟ, ಹುಂಜ ಮೂಕ.

ಸಾರಾ ಲೋಟ ಕೆಳಗಿಟ್ಟಳು. ಅವಳ ವಿವರಣೆಯನ್ನು ನನ್ನ ಭಾಷೆಯಲ್ಲಿ ಹೇಳುವುದಾದರೆ ಇಷ್ಟು: ಈ ವಿಡಿಯೊ ಕರೆಗಳಿಗೆ ಮನುಷ್ಯರ ಮಾತು ಮಾತ್ರ ಬೇಕು. ಕುಕ್ಕರ್, ಫ್ಯಾನು, ನಾಯಿ, ಕೋಳಿ, ಸುತ್ತಿಗೆ ಎಲ್ಲವೂ ಅದರ ಲೆಕ್ಕದಲ್ಲಿ ಗಲಾಟೆ. ಗಲಾಟೆಯನ್ನೆಲ್ಲ ಅದು ತಾನೇ ಅಳಿಸಿಹಾಕುತ್ತದೆ. ನಂಬಿಕೆ ಬರಲೆಂದು ತನ್ನ ಫೋನಿನಿಂದ ನನಗೆ ಕರೆ ಮಾಡಿ, ಆಚೆ ಕೋಣೆಗೆ ಹೋಗಿ ಬಾಗಿಲನ್ನು ನನ್ನ ಸುತ್ತಿಗೆಯಿಂದ ಬಡಿದಳು. ಇಯರ್‌ಫೋನಿನಲ್ಲಿ: ಪೊದ್. ನಮ್ಮ ಮನೆಯ ತೇಗದ ಬಾಗಿಲು, ಅದಕ್ಕೂ ಗೆದ್ದಲು ಹತ್ತಿದಂತೆ ಕೇಳಿತು!

"ಯಾ ಅಲ್ಲಾ!" ಎಂದು ಕಿರುಚಿದೆ. "ಮರ ಸತ್ತಿಲ್ಲ ಮಾರಾಯ್ತಿ, ಫೋನು ಅದರ ಬಾಯಿ ಮುಚ್ಚಿದೆ!"

"ದಟ್ಸ್ ವಾಟ್ ಐ'ಮ್ ಸೇಯಿಂಗ್ ಲಾ, ಅಬ್ಬು."

ತಕ್ಷಣ ನೆನಿತಾಳಿಗೆ ಕರೆ ಮಾಡಿದೆ. ಫೋನು ಆಫ್. ಮತ್ತೆ ಮಾಡಿದೆ, ಆಫ್. ಮಿಸ್ಟರ್ ಟಾನ್‌ಗೆ ಮಾಡಿದರೆ ಅವರದೊಂದೇ ಮಾತು: "ದೋಣಿ ಕೆಟ್ಟಿಲ್ಲ ಅಂತ ಗೊತ್ತಾಗಿಲ್ಲ. ನಿನ್ನ ಫೋನು ಕೆಟ್ಟದು ಅಂತ ಗೊತ್ತಾಗಿದೆ. ಎರಡೂ ಬೇರೆ ಬೇರೆ." ಮುದುಕನ ಮೇಲೆ ಸಿಟ್ಟು ಬಂತು. ಹೇಳಿದ್ದು ಮಾತ್ರ ಸರಿಯಾಗಿಯೇ ಇತ್ತು.

ಮರುದಿನ ಆಕೆ ಫೋನೆತ್ತಿದಳು. ಚಿತ್ರ ಬಂತು. ಬಾಂಗ್ಕಾದ ಎಡಗಡೆಯ ತೋಳುಗಳು ಇರಲಿಲ್ಲ. ಬಿದಿರು ಮರಳಿನ ಮೇಲೆ ಬಿದ್ದಿತ್ತು.

"ಏನು ಮಾಡ್ತಿದ್ದೀಯ ನೆನಿತಾ?"

"ಬಿಚ್ಚುತಾ ಇದ್ದೀನಿ. ಕಾತಿಗ್ ಆದ್ರೂ ಉಳೀಲಿ, ಯಾರಿಗಾದ್ರೂ ಆಗುತ್ತೆ. ಗರಗಸದವರಿಗೆ ಯಾಕೆ?"

"ನಿಲ್ಲಿಸು! ಕೈ ತೆಗಿ ಅಲ್ಲಿಂದ!" ಎಂದು ಕೂಗಿದೆ. ಕೋಳಿಯ ವಿಷಯ ಹೇಳಿದೆ. ಆಕೆ ಹುಂಜದ ಕಡೆ ತಿರುಗಿ, ನಂತರ ನನ್ನ ಕಡೆ ತಿರುಗಿ, ನೆಲದ ಮೇಲೆ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

ಆದರೆ ಕೇಳುವುದು ಹೇಗೆ? ಸಾರಾ ಆಕೆಯ ಫೋನಿನಲ್ಲಿ ಆ ಸೌಲಭ್ಯ ತೆಗೆಸಲು ನೋಡಿದಳು. ಹಳೆಯ ಫೋನು, ಅಂಥ ಗುಂಡಿಯೇ ಇಲ್ಲ. ನೆನಿತಾ ತಟ್ಟುವುದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಕಳಿಸಿದಳು. ಸಮುದ್ರದ ಗಾಳಿ ಭೋರೆಂದು ಎಲ್ಲವನ್ನೂ ನುಂಗಿತ್ತು. ಸೋಮವಾರ ಹತ್ತಿರ ಬಂದಿತ್ತು. ನಾನು ಪರದೆಯನ್ನೇ ನೋಡುತ್ತಾ ಕೂತಿದ್ದೆ. ಒಂದು ಕಡೆ ಮಾತ್ರ ತೋಳಿದ್ದ ದೋಣಿ, ಒಣ ಮರಳು. ಥೇಟು ನಮ್ಮೂರ ದೋಣಿ! ನೋಡುತ್ತಾ ನೋಡುತ್ತಾ ಅಪ್ಪ ನೆನಪಾದರು.

ಮಳೆಗಾಲ ಮುಗಿದು ದೋಣಿಗಳನ್ನು ನೀರಿಗಿಳಿಸುವ ಮೊದಲು ಅಪ್ಪ ಸುತ್ತಿಗೆ ಮುಟ್ಟುತ್ತಿರಲಿಲ್ಲ. ದೋಣಿಯ ಒಳಗೆ ನೀರು ತುಂಬಿಸುತ್ತಿದ್ದರು. "ಮರ ಬಾಯಾರ್ಕಂಡದೆ, ಮೊದ್ಲು ಕುಡಿಸ್ಬೇಕು" ಎನ್ನುತ್ತಿದ್ದರು. ಕೆಳಗೆ ಒಣ ಮರಳು ಹರಡಿ, ಒಂದು ಬೀಡಿ ಹಚ್ಚಿ ಕೂರುವುದು. ಒಡಲಿನಲ್ಲಿ ಎಲ್ಲಿ ಬಿರುಕಿದೆಯೋ, ಎಲ್ಲಿ ಕೊಳೆತಿದೆಯೋ ಅಲ್ಲಿ ಮರಳು ಒದ್ದೆಯಾಗುತ್ತದೆ. ಹೊರಗಿನ ನೀರು ಒಳಗೆ ಬರುವುದನ್ನು ಕಾಯುವ ಬದಲು ಒಳಗಿನದನ್ನು ಹೊರಗೆ ಕಳಿಸಿ ನೋಡುವುದು. ಇದಕ್ಕೆ ಕಿವಿ ಬೇಡ, ಕಣ್ಣು ಸಾಕು. ಕಣ್ಣು ಫೋನಿಗೂ ಇದೆಯಲ್ಲ!

ಮರುದಿನ ಬೆಳಿಗ್ಗೆ ನೆನಿತಾಳ ನೆರೆಯವರೆಲ್ಲ ಮಾಸ್ಕ್ ಹಾಕಿಕೊಂಡು, ಒಬ್ಬರಿಂದೊಬ್ಬರು ದೂರ ನಿಂತು ಬಕೆಟ್ ದಾಟಿಸಿದರು. ದೂರ ಎಷ್ಟಿತ್ತೆಂದರೆ ಪ್ರತಿ ಬಕೆಟ್ಟಿನ ಅರ್ಧ ನೀರು ಮರಳಿಗೇ ಹೋಗುತ್ತಿತ್ತು. "ಹತ್ತಿರ ಬನ್ನಿ" ಎಂದು ನಾನು ಇಲ್ಲಿಂದ, "ಎಸ್‌ಒಪಿ, ಎಸ್‌ಒಪಿ!" ಎಂದು ಕೊರೊನಾ ನಿಯಮ ನೆನಪಿಸುತ್ತಾ ಅವರು ಅಲ್ಲಿಂದ. ಒಡಲಿಗೆ ಎರಡೂ ಕಡೆ ಆನಿಕೆ ಕೊಡಿಸಿದ್ದೆ, ಕಾಲುಭಾಗಕ್ಕಿಂತ ಹೆಚ್ಚು ತುಂಬಬಾರದೆಂದು ಎಚ್ಚರಿಸಿದ್ದೆ. ಇಲ್ಲದಿದ್ದರೆ ನೀರಿನ ಭಾರಕ್ಕೇ ದೋಣಿ ಒಡೆದುಹೋಗುತ್ತದೆ. ಹೊಸಬರು ಇದನ್ನು ಮನಸ್ಸಿನಲ್ಲಿಡಿ. ನೀರು ತುಂಬಿದ ಮೇಲೆ ಅಡಿಯಲ್ಲಿ ಹೊಸದಾಗಿ ಒಣ ಮರಳು ಹರಡಿಸಿದೆ. ಆಮೇಲೆ ಕಾದೆವು.

ಸಾರಾ ಆಫೀಸಿನ ಮೀಟಿಂಗನ್ನು ಬದಿಗಿಟ್ಟು ಬಂದು ಕೂತಳು. ಮೈಮೂನಾಳೂ ಸವಟು ಹಿಡಿದೇ ಬಂದು ನಿಂತಳು. ಮರಳು ಒಣಗಿಯೇ ಇತ್ತು. ಮೂತಿ ಒಣ, ನಡು ಒಣ. ಕೊನೆಗೆ ಹಿಂಭಾಗದಲ್ಲಿ, ಅಡಿಮರಕ್ಕೆ ಹಲಗೆ ಕೂಡುವಲ್ಲಿ, ಮರಳು ಕಪ್ಪಾಯಿತು. ತಟ್ಟೆಯಗಲದ ಒಂದೇ ಒಂದು ಕಲೆ.

"ಅಲ್ಲಿ!" ಎಂದು ಮೂವರೂ ಕೂಗಿದೆವು.

ಒಂದೇ ಜಾಗ. ಸಂದಿಗೆ ತುಂಬಿದ್ದ ಹಳೆಯ ನಾರು ಕಿತ್ತು ಹೊಸದನ್ನು ತುರುಕಿ, ರಾಳ ಮೆತ್ತಿ, ಒಣಗಿಸಿ ಮತ್ತೆ ನೀರು ತುಂಬಿಸಿದೆವು. ಮರಳು ಕಪ್ಪಾಗಲೇ ಇಲ್ಲ. ಎಡಗಡೆಯ ತೋಳುಗಳನ್ನೂ ಕಾತಿಗನ್ನೂ ನೆನಿತಾ ಅಂದೇ ಬಿಗಿದು ಕಟ್ಟಿದಳು.

ಈಗ ಟಾನ್ ಕಾನೂನು ಅಡ್ಡ ಬಂತು. ಸಹಿ ಹಾಕಿದವನೇ ಮೊದಲು ಕೂರಬೇಕು. ವಿಮಾನ ಇಲ್ಲ, ರಾಜ್ಯದ ಗಡಿ ಮುಚ್ಚಿದೆ. ಹೇಗೆ ಕೂರಲಿ? ಅವರಿಗೆ ಫೋನು ಮಾಡಿ ಗೋಗರೆದೆ. ಕೊನೆಗೆ ಹೇಳಿದರು: "ಫೋನಲ್ಲೇ ಕೂರು. ಆದ್ರೆ ಅದು ಟ್ರಯಲ್. ನೀನು ಖುದ್ದು ಕೂತ ದಿನ ಮೊದಲ ಸವಾರಿ. ಅದನ್ನ ಆಕೆಗೂ ಹೇಳು."

ಹೇಳಿದೆ. ನೆನಿತಾ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮುಂದಿನ ಹಲಗೆಗೆ ಕಟ್ಟಿ, ಒಬ್ಬಳೇ ದೋಣಿ ಹೊರಡಿಸಿದಳು. ಅಲೆ ಎದ್ದಂತೆಲ್ಲ ಪರದೆ ಮೇಲಕ್ಕೂ ಕೆಳಕ್ಕೂ ಹೋಗಿ, ಬಯಾನ್ ಲೆಪಾಸ್‌ನ ನಾಲ್ಕನೇ ಮಹಡಿಯಲ್ಲಿ ಕೂತೇ ನನಗೆ ಹೊಟ್ಟೆ ತೊಳಸಿತು. ಮೈಮೂನಾ ನಿಂಬೆಹಣ್ಣು ತಂದಳು. ಅಳಿವೆ ದಾಟುತ್ತಿದ್ದಂತೆ ಚಿತ್ರ ನಿಂತಿತು. ನೆಟ್‌ವರ್ಕ್ ಹೋಗಿತ್ತು.

ಮತ್ತೆ ಮತ್ತೆ ಕರೆ ಮಾಡುತ್ತಲೇ ಇದ್ದೆ. ಒಂದು ಕಲೆ ನನ್ನ ಕಣ್ಣು ತಪ್ಪಿಸಿತ್ತೆ? ಆಕೆ ಒಬ್ಬಳೇ ಇದ್ದಾಳೆ. ನಾನಾದರೋ ಫ್ಯಾನಿನ ಕೆಳಗೆ ಕೂತಿದ್ದೇನೆ. ಎಷ್ಟೋ ವರ್ಷ ಬೈದುಕೊಂಡಿದ್ದ ಟಾನ್ ಕಾನೂನಿನ ಅರ್ಥ ಅಂದು ಹೊಳೆಯಿತು: ಮುಂದಿನ ಹಲಗೆಯಲ್ಲಿ ಕೂತವನಿಗೆ ವಾಂತಿ ಬರಬಹುದು, ಈ ಸಂಕಟ ಬರುವುದಿಲ್ಲ. ಸಾರಾ ನನ್ನ ಕೈ ಹಿಡಿದುಕೊಂಡಿದ್ದಳು. ಚಹಾ ಆರಿಹೋಯಿತು.

ಪರದೆ ಬೆಳಗಿದಾಗ ಮೊದಲು ಕಂಡದ್ದು ಹುಂಜ. ಕತ್ತು ಚಾಚಿ ಕೂಗುತ್ತಿತ್ತು, ಸದ್ದಿಲ್ಲದೆ. ಅದರ ಹಿಂದೆ ನೆನಿತಾ, ಮಂಡಿಯವರೆಗೆ ಒದ್ದೆಯಾಗಿ ನಿಂತಿದ್ದಳು. "ಇನ್‌ಸ್ಪೆಕ್ಟರ್! ಹೋಗಿ ವಾಪಸ್ ಬಂದೆ!"

ನಾನು ಸಹಿ ಹಾಕಿದೆ.

ಗರಗಸದವರು ಬಂದು, ನೋಡಿ, ಬೇರೆ ದೋಣಿಗಳತ್ತ ಹೋದರಂತೆ. ಲಸಿಕೆ ಬಂದ ಮೇಲೆ ನರ್ಸುಗಳು ಅದೇ ಬಾಂಗ್ಕಾದಲ್ಲಿ ದ್ವೀಪಗಳಿಗೆ ಓಡಾಡಿದರು. ನನ್ನ ನಿವೃತ್ತಿಯ ಬೀಳ್ಕೊಡುಗೆ ವಿಡಿಯೊ ಕರೆಯಲ್ಲೇ ಆಯಿತು. ಮಿಸ್ಟರ್ ಟಾನ್ ದೀರ್ಘವಾಗಿ ಹೊಗಳಿದರು, ಮ್ಯೂಟ್ ತೆಗೆಯದೆ. ಏನು ಹೊಗಳಿದರೆಂದು ಇವತ್ತಿಗೂ ಗೊತ್ತಿಲ್ಲ. ಕೇಳಿದರೆ "ಒಂದು ಸಲ ಹೇಳಿದ್ದೀನಲ್ಲ" ಎನ್ನುತ್ತಾರೆ.

ಗಡಿ ತೆರೆದ ಮೇಲೆ ಸಾರಾಳನ್ನು ಕರೆದುಕೊಂಡು ಸಂಡಾಕನ್‌ಗೆ ಹೋದೆ. ನೆನಿತಾ ದಪ್ಪಗಾಗಿದ್ದಳು, ಹುಂಜ ಮುದಿಯಾಗಿತ್ತು. ಅದು ಕೂಗಿದಾಗ ಅದರ ದನಿಯನ್ನು ಮೊದಲ ಸಲ ಕೇಳಿದೆ, ಹೇಳಿಕೊಳ್ಳುವಂಥದ್ದೇನಲ್ಲ. ಬಾಂಗ್ಕಾ ಹೊರಡಲು ಸಿದ್ಧವಾಗಿತ್ತು. ಜನ ಹತ್ತುತ್ತಿದ್ದರು. ಎಲ್ಲರೂ ಮುಂದಿನ ಹಲಗೆಯನ್ನು ದಾಟಿಕೊಂಡು ಹಿಂದೆ ಹೋಗಿ ಇಕ್ಕಟ್ಟಾಗಿ ಕೂರುತ್ತಿದ್ದರು. ಮಂಡಿನೋವಿನ ಅಜ್ಜಿಯೊಬ್ಬಳೂ ಕಷ್ಟಪಟ್ಟು ದಾಟಿ, ಹಿಂದೆ ಜಾಗವಿಲ್ಲದೆ, ಮುಂದಿನ ಸರದಿಗೆ ಬರುವೆನೆಂದು ಇಳಿದು ಜೆಟ್ಟಿಯಲ್ಲೇ ಕೂತಳು. ಆ ಹಲಗೆಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿತ್ತು.

"ಅಲ್ಲಿ ಯಾಕೆ ಯಾರೂ ಕೂರಲ್ಲ?" ಎಂದೆ.

ನೆನಿತಾ ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀವೇ ಹೇಳಿದ್ರಿ. ಸಹಿ ಹಾಕಿದವನೇ ಮೊದಲು ಕೂರಬೇಕು ಅಂತ. ನೀವು ಕೂತಿಲ್ವಲ್ಲ. ಇಷ್ಟು ದಿನ ಓಡಿಸಿದ್ದೆಲ್ಲ ಟ್ರಯಲ್ ಲಾ."

ನಾನದನ್ನು ಎಂದೋ ಮರೆತುಬಿಟ್ಟಿದ್ದೆ. ಕಣ್ಣೊರೆಸಿಕೊಳ್ಳುವುದನ್ನು ಸಾರಾ ನೋಡಿದಳು, ಈ ಸಲ ಇಂಗ್ಲಿಷಿನಲ್ಲಿ ಏನೂ ಹೇಳಲಿಲ್ಲ. "ಕೂತ್ಕೊಳ್ಳಿ ಅಬ್ಬು" ಎಂದಳು. ಹಗ್ಗದ ಕೆಳಗೆ ತೂರಿ ಕೂತೆ. ಜೇಬಿನಿಂದ ಸುತ್ತಿಗೆ ತೆಗೆದು ಹಲಗೆಗೆ ಒಮ್ಮೆ ತಟ್ಟಿದೆ. ಟಣ್ ಎಂದಿತು.

ಹೋದೆವು. ಎರಡು ಸಲ ವಾಂತಿ ಮಾಡಿಕೊಂಡೆ. ಉಪ್ಪು ಹಚ್ಚಿದ ಮಾವಿನಕಾಯಿ ಸಿದ್ಧವಾಗಿಯೇ ಇತ್ತು. ವಾಪಸ್ ಬಂದೆವು. ನಾನು ಜೆಟ್ಟಿಗೆ ಇಳಿದ ಕೂಡಲೇ ನೆನಿತಾ ಆ ಹಗ್ಗ ಬಿಚ್ಚಿ ಸುತ್ತಿಟ್ಟಳು. ಕಾಯುತ್ತಿದ್ದ ಅಜ್ಜಿಯ ಕೈಹಿಡಿದು ಇಳಿಸಿಕೊಂಡು, ಮುಂದಿನ ಹಲಗೆಯ ಮೇಲೆ ಕೂರಿಸಿದಳು.